ನಮ್ಮನೆಯವರ ಹಸಿವು

“ನಮ್ಮನೆಯವರಿಗೆ ತರಕಾರಿ ಅಂದ್ರೆ ಪಕ್ಕದ್ಮನೆ ಜಗಳ ಇದ್ದ ಹಾಗೆ,” ಎನ್ನುತ್ತ ಅವಳು ಬೀಟ್‌ರೂಟಿನ ಎರಡೂ ತುದಿ ಕೊಯ್ದು, ಯಂತ್ರದ ಹಲ್ಲುಗಳಿಗೆ ಒತ್ತಿ ಕೂರಿಸಿದಳು. “ದೂರದಿಂದ ನೋಡ್ತಾರೆ, ಹತ್ತಿರ ಬರಲ್ಲ.”

ಅಂಗಡಿಗೆ ಬಂದವರಲ್ಲಿ ನಾಲ್ಕಾರು ಜನ ನಿಂತರು. ಅವಳು ಹಿಡಿ ತಿರುಗಿಸಿದಳು. ಬ್ಲೇಡಿನ ಆಚೆಯಿಂದ ಕೆಂಪು ಎಳೆಯೊಂದು ಸುರುಳಿ ಸುರುಳಿಯಾಗಿ, ಕಡಿಯದೆ, ತಟ್ಟೆಗೆ ಇಳಿಯತೊಡಗಿತು. ತಾಯಿಯ ಕೈ ಹಿಡಿದ ಮಗುವೊಂದು ಬಾಯಿ ತೆರೆದು ನೋಡಿತು.

“ಈ ಸುರುಳಿ ಯಂತ್ರ ಮನೆಗೆ ಬಂದಮೇಲೆ ಕಥೆಯೇ ಬೇರೆ. ತಮ್ಮ ತಟ್ಟೆ ಮುಗಿಸಿ ನನ್ನ ತಟ್ಟೆಗೆ ಕಣ್ಣು ಹಾಕ್ತಾರೆ. ಈಗ ಬಾಗಿಲಲ್ಲಿ ಮೊದಲು ಹೊಟ್ಟೆ ಬರುತ್ತೆ, ಸ್ವಲ್ಪ ಹೊತ್ತಾದ ಮೇಲೆ ಅವರು ಬರ್ತಾರೆ.”

ನಗು ಎದ್ದಿತು. ಒಬ್ಬಾಕೆ ತನ್ನ ಗಂಡನ ಹೊಟ್ಟೆಯನ್ನು ಮೊಣಕೈಯಿಂದ ತಿವಿದಳು. ಇಬ್ಬರು ಯಂತ್ರದ ಡಬ್ಬಿ ಎತ್ತಿಕೊಂಡರು.

ಗಂಡ ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹೊಟ್ಟೆಯಂತೂ ಅವನಿಗೆ ಎಂದೂ ಇದ್ದದ್ದಲ್ಲ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ಕಡ್ಡಿಯಂಥ ಮನುಷ್ಯ. ಕೊಂಡ ಬೆಲ್ಟಿಗೆಲ್ಲ ಮೊಳೆಯಿಂದ ಹೊಸ ತೂತು ಕೊರೆಯಬೇಕಾಗುತ್ತಿತ್ತು. ಅನ್ನನಾಳದಲ್ಲಿ ಎದ್ದ ಗಂಟು ಅವನನ್ನು ಇನ್ನಷ್ಟು ಸಣ್ಣದಾಗಿ ಉಜ್ಜಿ ಮುಗಿಸಿತು.

ಹಾಗೆ ನೋಡಿದರೆ ಈ ಮಾತುಗಳೆಲ್ಲ ಅವನವೇ. ದೊಡ್ಡ ಅಂಗಡಿಯ ಅಡಿಗೆ ಸಾಮಾನಿನ ಮಹಡಿಯಲ್ಲಿ ಅವಳಿಗೆ ಈ ಕೆಲಸ ಸಿಕ್ಕಿದಾಗ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಹೆಂಗಸು ನಾಲ್ಕು ಜನರೆದುರು ಏನು ಮಾತಾಡಿಯಾಳು ಎಂದು ಅವಳಿಗೇ ಚಿಂತೆ. ಅವನು ಯಂತ್ರವನ್ನು ಊಟದ ಮೇಜಿನ ಮೇಲೆ ಇಟ್ಟು ರಬ್ಬರ್ ಕಾಲುಗಳನ್ನು ಅದೆಷ್ಟು ಗಟ್ಟಿಯಾಗಿ ಒತ್ತಿದನೆಂದರೆ, ಆಮೇಲೆ ಯಾರು ಎಳೆದರೂ ಅದು ಏಳಲಿಲ್ಲ. ಅತ್ತೆಯೂ ಸೇರಿ ಮೂವರೂ ಯಂತ್ರದ ಸುತ್ತ ಕೂತು ಊಟ ಮಾಡಿದರು. ಎಲ್ಲ ಕೇಳಿ ಏನೂ ಕೊಳ್ಳದ ಗಿರಾಕಿ, ತಣ್ಣನೆ ಗಾಳಿಗೆಂದೇ ಒಳಗೆ ಬಂದ ಗಿರಾಕಿ, ಎಲ್ಲರೂ ಅವನೇ ಆದ. ಅವಳು ಬ್ಲೇಡುಗಳ ಗುಣಗಾನ ಶುರುಮಾಡಿದರೆ ಆಕಳಿಸಿದ.

“ಜನ ತರಕಾರಿ ನೋಡೋಕೆ ನಿಲ್ಲಲ್ಲ ಕಣೇ,” ಎಂದಿದ್ದ. “ಇನ್ನೊಬ್ಬಳ ಗಂಡ ಎಷ್ಟು ದಡ್ಡ ಅಂತ ನೋಡೋಕೆ ನಿಲ್ತಾರೆ. ನನ್ನ ಮಾರು.”

ಅವಳು ಮಾರಿದಳು. ಅವನು ಆಸ್ಪತ್ರೆಯಲ್ಲಿ ಮಲಗಿರುವಾಗಲೂ ಸಂಜೆ ಹೋಗಿ, ಈ ದಿನ ನೀವು ಇಷ್ಟು ತಿಂದಿರಿ ಎಂದು ವರದಿ ಒಪ್ಪಿಸುತ್ತಿದ್ದಳು. ಅವನು ಕಣ್ಣಲ್ಲೇ ನಗುತ್ತಿದ್ದ.

ಎಲ್ಲ ಮುಗಿದು ಕೆಲಸಕ್ಕೆ ಮರಳಿದ ಮೇಲೆ ಅವನನ್ನು ಬಿಟ್ಟು ಮಾತಾಡಿ ನೋಡಿದಳು. ತೊಳೆಯುವುದು ಸುಲಭ, ನಾರಿನ ಅಂಶ ಹೆಚ್ಚು, ಮಕ್ಕಳು ಇಷ್ಟಪಡುತ್ತಾರೆ. ಜನ ಕಲ್ಲು ಬಳಸಿಕೊಂಡು ಹೋಗುವ ನೀರಿನಂತೆ ಅವಳ ಪಕ್ಕದಲ್ಲೇ ಹರಿದು ಎದುರಿನ ಮೇಜಿನಲ್ಲಿ ಇಸ್ತ್ರಿಪೆಟ್ಟಿಗೆ ಮಾರುವವನ ಮುಂದೆ ನಿಂತರು. ಮಹಡಿಯ ಮ್ಯಾನೇಜರ್ ಕೆಟ್ಟವನಲ್ಲ. ತನ್ನ ಬೂಟುಗಳನ್ನೇ ನೋಡಿಕೊಂಡು, ಡಬ್ಬಿಗಳು ಹೀಗೇ ಉಳಿದರೆ ಯಂತ್ರದ ಕಂಪನಿಯವರು ಈ ಮೇಜನ್ನೇ ಎತ್ತಿಸಿಬಿಡುತ್ತಾರೆ, ಗಂಡನ ಬದಲು ಅಣ್ಣನ ಕಥೆ ಹೇಳಬಾರದೇ ಎಂದ. ಅವಳು ಅಣ್ಣನನ್ನು ತಂದಳು. ಯಾರದೋ ಅಣ್ಣ ಎಷ್ಟು ತಿಂದರೆ ಯಾರಿಗೇನು? ಒಂದು ಶನಿವಾರ, ಕ್ಯಾರೆಟ್ ತಿರುಗಿಸುತ್ತಿದ್ದ ಹಾಗೇ ನಾಲಿಗೆ ತಾನಾಗಿ ಹಳೆಯ ದಾರಿ ಹಿಡಿಯಿತು. ನಮ್ಮನೆಯವರು ಬಂದರು, ಹೊಟ್ಟೆ ಸಮೇತ. ಆ ದಿನದ ಡಬ್ಬಿಗಳೆಲ್ಲ ಖಾಲಿ. ಅವಳು ಕೈತೊಳೆಯುವ ಕೋಣೆಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿ, ಅದರ ಸದ್ದಿನ ಮರೆಯಲ್ಲಿ ಅತ್ತಳು.

ಮನೆಯಲ್ಲಿ ಈಗ ಅತ್ತೆ ಮತ್ತು ಅವಳು ಇಬ್ಬರೇ. ದಿನವಿಡೀ ಅಂಗಡಿಯಲ್ಲಿ ಸುರುಳಿ ಮಾಡಿದ್ದನ್ನು ಸಂಜೆ ಡಬ್ಬಿಯಲ್ಲಿ ತುಂಬಿ ತರುವುದು, ಇಬ್ಬರೂ ಅದನ್ನೇ ಉಣ್ಣುವುದು. ಕ್ಯಾರೆಟಿನ ಎಳೆ, ಸೇಬಿನ ಪಟ್ಟಿ, ತಳದಲ್ಲಿ ಬ್ಲೇಡಿಗೆ ಸಿಗದೆ ಉಳಿಯುವ ಪೆನ್ಸಿಲಿನಂಥ ನಡುದಿಂಡುಗಳು. ಅತ್ತೆ ಮೊದಲು ದಿಂಡುಗಳನ್ನೇ ಆರಿಸಿಕೊಳ್ಳುತ್ತಿದ್ದರು, ಇರೋ ಹಲ್ಲಿಗೆ ಕೆಲಸ ಬೇಡವೇ ಎಂದು. ಮಗನ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಕಡೆಯ ವಾರಗಳಲ್ಲಿ ಅವನ ಪಕ್ಕ ಬಿಟ್ಟು ಏಳದೆ ಚಮಚ ಹಿಡಿದು ಕೂತವರು ಅವರೇ. ಅವನು ಗೋಡೆಗೆ ಮುಖ ತಿರುಗಿಸುತ್ತಿದ್ದ. ನುಂಗಲಾಗದ್ದು ರೋಗದಿಂದ ಎಂದು ಡಾಕ್ಟರು ಎಷ್ಟು ಹೇಳಿದರೂ, ಅತ್ತೆಗೆ ಅದು ತಮ್ಮ ಕೈತುತ್ತಿನ ಸೋಲು.

ಆದ್ದರಿಂದ ಅವಳ ಭಯವೆಲ್ಲ ಒಂದೇ. ಸತ್ತ ಮಗನ ಹಸಿವನ್ನು ಸೊಸೆ ಹಾಡಹಗಲು ಮಾರಿ ಜನರನ್ನು ನಗಿಸುತ್ತಿದ್ದಾಳೆ ಎಂಬುದು ಆ ಮುದಿಜೀವದ ಕಿವಿಗೆ ಬೀಳಬಾರದು. ತಾನೀಗ ಬರೀ ಸಾಮಾನು ಕಟ್ಟಿಕೊಡುವ ಕೆಲಸದಲ್ಲಿದ್ದೇನೆ, ಸುರುಳಿ ಮಾಡುವವಳು ಬೇರೆ, ಉಳಿದದ್ದನ್ನು ತನಗೆ ಕೊಡುತ್ತಾಳೆ ಎಂದು ಸುಳ್ಳು ಹೇಳಿದ್ದಳು.

ಒಂದು ಮಧ್ಯಾಹ್ನ ಅತ್ತೆ ಬೀಗದ ಕೈ ಒಳಗೇ ಮರೆತು ಬಾಗಿಲು ಎಳೆದುಕೊಂಡರು. ಸೊಸೆಯ ಹತ್ತಿರವಿದ್ದ ಇನ್ನೊಂದು ಕೈಗಾಗಿ ವಿಚಾರಿಸುತ್ತ ವಿಚಾರಿಸುತ್ತ ಮಹಡಿ ಹತ್ತಿ ಬಂದರು. ಅವಳು ಬೀಟ್‌ರೂಟನ್ನು ಅರ್ಧ ತಿರುಗಿಸಿದ್ದಾಗ, ಜನರ ಹೆಗಲುಗಳ ನಡುವೆ ಆ ಮುಖ ಕಂಡಿತು. ನಮ್ಮನೆಯವರು ಆಗಲೇ ತಮ್ಮ ತಟ್ಟೆ ಮುಗಿಸಿದ್ದರು. ಕೈ ನಿಂತಿತು. ಜನ ಕಾದರು. ಕಂಬದ ಬಳಿ ಮ್ಯಾನೇಜರ್ ಇದ್ದ. ಅವಳು ಹಿಡಿ ತಿರುಗಿಸಿ, ತಲೆಯೆತ್ತದೆ, ಹೊಟ್ಟೆಯ ಮಾತು ಹೇಳಿ ಮುಗಿಸಿದಳು. ನಗು ಇಳಿದ ಮೇಲೆ ಅತ್ತೆ ಮುಂದೆ ಬಂದು ಕೈ ಚಾಚಿದರು. ಬೀಗದ ಕೈ ಇಸಿದುಕೊಂಡು ಹೋದರು.

ಆ ಸಂಜೆ ಅವಳು ಎರಡು ಬೀದಿ ಸುತ್ತಿಕೊಂಡು ಮನೆಗೆ ಬಂದಳು. ಅತ್ತೆ ತಟ್ಟೆ ಇಟ್ಟಿದ್ದರು. ಇಬ್ಬರೂ ಉಂಡರು. ಕೊನೆಗೆ ಅತ್ತೆ ಬೆರಳಿಗೆ ಅಂಟಿದ ಕೆಂಪು ಎಳೆಯನ್ನು ನೋಡುತ್ತ ಹೇಳಿದರು, “ಬೀಟ್‌ರೂಟ್ ಅವನು ಮುಟ್ಟುತ್ತಿರಲಿಲ್ಲ.”

“ಇಲ್ಲ ಅತ್ತೆ.”

“ಸೌತೆಕಾಯಿ ತಿಂತಿದ್ದ. ಚಿಕ್ಕೋನಿದ್ದಾಗ ಸಿಪ್ಪೆ ಹೆರೆಯೋಕೂ ಬಿಡ್ತಿರಲಿಲ್ಲ.” ಅವರು ತಟ್ಟೆ ಎತ್ತಿಕೊಂಡು ಎದ್ದರು. “ನಾಳೆ ಸೌತೆಕಾಯಿ ಅನ್ನು.”

ಮರುದಿನ ಮಧ್ಯಾಹ್ನ ಅತ್ತೆ ಬಾಣಲೆಗಳ ಕಪಾಟಿನ ಪಕ್ಕ ನಿಂತಿದ್ದರು. ಅವಳು ಸೌತೆಕಾಯಿ ಎಂದಳು. ಅದರ ಮರುದಿನವೂ ಬಂದರು. ರಾತ್ರಿ ಊಟದ ಹೊತ್ತಿಗೆ ಒಂದೊಂದೇ ತಿದ್ದುಪಡಿ: ಸೇಬಿನ ಬೀಜ ಕೂಡ ಅಗಿಯುತ್ತಿದ್ದ, ತಟ್ಟೆಯಲ್ಲಿ ಎರಡು ಪದಾರ್ಥ ಒಂದಕ್ಕೊಂದು ತಾಗಿದರೆ ರಂಪ, ತನ್ನ ಪಾಲಿನ ಪೇರ್ ಹಣ್ಣನ್ನು ಕಿಟಕಿಯಲ್ಲಿ ಹಣ್ಣಾಗಲು ಇಟ್ಟು ಮರೆತು, ಕೊಳೆಸಿ, ಅತ್ತ. ಮಗನ ಬಗ್ಗೆ ಅತ್ತೆ ಬಾಯಿ ಬಿಟ್ಟದ್ದು ಹೀಗೆ, ಮಾರಾಟಕ್ಕೆಂದು. ಅವಳು ಎಲ್ಲವನ್ನೂ ಮೇಜಿನ ಬಳಿಗೆ ಒಯ್ದಳು. ನಮ್ಮನೆಯವರ ಹೊಟ್ಟೆ ದಿನದಿನಕ್ಕೆ ಇಳಿಯಿತು. ಅವರು ಸಣ್ಣಗಾದರು, ಚೂಟಿಯಾದರು, ಸ್ವಲ್ಪ ಸಿಡುಕರಾದರು, ಅವರೇ ಆದರು. ಮತ್ತು ನಗು ನಿಂತಿತು.

ಆ ಇಸ್ತ್ರಿಪೆಟ್ಟಿಗೆಯವನು ಹೊಸಬ, ಅವಳು ರಜೆಯಲ್ಲಿದ್ದಾಗ ಸೇರಿದವನು, ಏನೂ ತಿಳಿಯದು. “ಅಕ್ಕಾ, ನಿಮ್ಮೆಜಮಾನ್ರು ಡಯಟ್ ಮಾಡ್ತಿದಾರಾ? ಗುರುತೇ ಸಿಗದಷ್ಟು ಇಳಿದುಬಿಟ್ರಲ್ಲ,” ಎಂದ.

ಮ್ಯಾನೇಜರ್ ಮತ್ತೆ ಬೂಟು ನೋಡಿಕೊಂಡ. ನಾಳೆ ಕಂಪನಿಯ ಮನುಷ್ಯ ಬಂದು ನಿಂತು ನೋಡುತ್ತಾನೆ, ಈ ಮೇಜು ಇರಬೇಕೋ ಬೇಡವೋ ಅವನೇ ತೀರ್ಮಾನಿಸುವುದು, ದಯವಿಟ್ಟು ಆ ದಪ್ಪನೆಯವರನ್ನು ಕರೆತನ್ನಿ ಎಂದ.

“ನಾಳೆ ಬರಬೇಡಿ ಅತ್ತೆ,” ಎಂದಳು ಅವಳು ಊಟಕ್ಕೆ ಕೂತಾಗ.

“ಯಾಕೆ?”

“ನಾಳೆ ಸುಳ್ಳು ಹೇಳ್ಬೇಕು. ಕೆಲಸ ಉಳೀಬೇಕಲ್ಲ.”

ಅತ್ತೆ ದಿಂಡು ಅಗಿಯುತ್ತ ಯೋಚಿಸಿದರು. “ಹೇಳು. ನಾನೇನು ತಡೀತೀನಾ? ದೂರ ನಿಂತಿರ್ತೀನಿ.”

ಕಂಪನಿಯವನು ಟೈ ಕಟ್ಟಿಕೊಂಡಿದ್ದ, ನೆಗಡಿಯಿತ್ತು. ಅವಳು ಬೀಟ್‌ರೂಟ್ ಎತ್ತಿಕೊಂಡಳು. ಪಕ್ಕದ್ಮನೆ ಜಗಳ ಎಂದಳು, ಜನ ಕೂಡಿದರು. ತಟ್ಟೆ ಎಂದಳು, ನಕ್ಕರು. ಕಂಪನಿಯವನೂ ಕರವಸ್ತ್ರದೊಳಗೇ ನಕ್ಕ. ಬಾಣಲೆಗಳ ಪಕ್ಕದಲ್ಲಿ ಅತ್ತೆ ಅಕ್ಕಪಕ್ಕದ ಮುಖಗಳನ್ನು ನೋಡಿ, ಎಲ್ಲರೂ ನಕ್ಕ ಒಂದು ಕ್ಷಣದ ನಂತರ, ತಾವೂ ನಕ್ಕರು. ಸೊಸೆಯ ಕೆಲಸ ಉಳಿಯಲೆಂದು, ಅಷ್ಟು ಜನರಲ್ಲಿ ತಾವೂ ಒಬ್ಬರಾಗಿ, ಅಂಗಡಿಯ ಬೆಳಕಿನಲ್ಲಿ ಹಲ್ಲು ತೋರಿಸಿಕೊಂಡು ನಿಂತಿದ್ದರು.

ಅವಳು ಬೀಟ್‌ರೂಟನ್ನು ಹಲ್ಲುಗಳಿಂದ ಕಿತ್ತು ಪಕ್ಕಕ್ಕಿಟ್ಟಳು.

“ಅವರಿಗೆ ಹೊಟ್ಟೆ ಇರಲಿಲ್ಲ,” ಎಂದಳು. “ಈಗ ಅವರಿಲ್ಲ.”

ಯಾರೋ ನಗಲು ಹೊರಟು ತಡೆದುಕೊಂಡರು. ಅವಳು ಸೌತೆಕಾಯಿ ತೆಗೆದುಕೊಂಡು, ಅತಿ ಸಣ್ಣ ಬ್ಲೇಡು ಹಾಕಿ ತಿರುಗಿಸತೊಡಗಿದಳು. ಕೂದಲಿನಷ್ಟು ನವುರಾದ ಎಳೆ ಇಳಿಯಿತು. ಒಂದು ದಿನ ಅವರಿಗೆ ಹಸಿವಾಗಿತ್ತು ಎಂದಳು. ಅವರಮ್ಮ ಸೌತೆಕಾಯಿ ತಂದಿದ್ದರು, ಸಿಪ್ಪೆ ಹೆರೆಯದೆ. ನಾನು ಹೀಗೆ ಎಳೆ ಮಾಡಿಕೊಟ್ಟೆ. ಅವರಮ್ಮ ಚಮಚಕ್ಕೆ ಸುತ್ತಿ ಬಾಯಿಗಿಟ್ಟರು. ಅವರು ಗೋಡೆ ಕಡೆ ತಿರುಗಲಿಲ್ಲ.

ಹಾಗೇನೂ ನಡೆದಿರಲಿಲ್ಲ. ಪಕ್ಕ ಬಿಟ್ಟು ಏಳದೆ ಕೂತಿದ್ದ ಅತ್ತೆಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ.

ಜನ ಒಬ್ಬೊಬ್ಬರಾಗಿ, ಸಾವಿನ ಮನೆಯಿಂದ ಹೊರಡುವವರಂತೆ ಸದ್ದು ಮಾಡದೆ ಸರಿದರು. ಕಂಪನಿಯವನು ಮ್ಯಾನೇಜರನಿಗೆ ಕಿವಿಯಲ್ಲಿ ಏನೋ ಹೇಳಿ ಮೆಟ್ಟಿಲ ಕಡೆ ನಡೆದ. ಮ್ಯಾನೇಜರ್ ಅವಳತ್ತ ನೋಡಿ ಇಲ್ಲವೆಂಬಂತೆ ತಲೆಯಾಡಿಸಿದ. ಮೇಜು ಹೋಯಿತು ಎಂದು ತಿಳಿಯಲು ಅಷ್ಟು ಸಾಕಿತ್ತು. ಎದುರಿನವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ.

ಅತ್ತೆ ಬಾಣಲೆಗಳನ್ನು ಬಿಟ್ಟು ಬಂದು, ಗಿರಾಕಿಗಳು ನಿಲ್ಲುವ ಜಾಗದಲ್ಲಿ ನಿಂತರು. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು.

“ನುಂಗಿದ್ನಾ?” ಎಂದು ಕೇಳಿದರು.

“ನುಂಗಿದ್ರು ಅತ್ತೆ.”

“ಆಮೇಲೆ?”

ಅವಳು ಇನ್ನೊಂದು ಸೌತೆಕಾಯಿ ಎತ್ತಿಕೊಂಡು ತುದಿ ಕೊಯ್ದಳು.