ಕಣಿವೆಯ ಬೆಳ್ಳಿ ಗೆರೆ

ತನ್ನ ಚಿತ್ರದ ಮೇಲೆ ಇನ್ನಾರೋ ಕೈಯಾಡಿಸಿದ್ದಾರೆಂಬುದು ಚಿತ್ರಗಾರ್ತಿಗೆ ಬೆಳಗಿನ ಮೊದಲ ನೋಟಕ್ಕೇ ತಿಳಿಯಿತು.

ಅವಳು ಅಂಟಿಸಿದ್ದ ಮರದ ತೊಗಟೆಯ ಬೆಟ್ಟ, ಒಣಪಾಚಿಯ ಕಾಡು, ಸೋಸಿದ ಕೆಮ್ಮಣ್ಣಿನ ದಂಡೆ ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ಖಾಲಿ ಬಿಟ್ಟಿದ್ದ ಕಪ್ಪು ಕಣಿವೆಯಲ್ಲಿ ಬೆಳ್ಳಿಯಂಥ ಗೆರೆಯೊಂದು ಬಳುಕುತ್ತ ಇಳಿದಿತ್ತು. ಆ ಕಣಿವೆಯೇ ಅವಳ ತಲೆನೋವು. ಅಲ್ಲಿ ನದಿ ಹರಿಯಬೇಕಿತ್ತು. ನೀಲಿ ಬಳಿದಳು, ರೇಷ್ಮೆ ದಾರ ಅಂಟಿಸಿದಳು, ಚಾಕೊಲೇಟ್ ಸುತ್ತಿದ ಬೆಳ್ಳಿಹಾಳೆಯನ್ನೂ ಬಿಡಲಿಲ್ಲ. ಜಪ್ಪಯ್ಯ ಎಂದರೂ ನದಿ ಹರಿಯಲಿಲ್ಲ. "ನದಿ ಹರಿದ್ರೆ ಪ್ರದರ್ಶನದ ಮುಂಬಾಗಿಲ ಗೋಡೆ ನಿಮ್ಮದು, ಇಲ್ಲಾಂದ್ರೆ ಬೇರೆಯವರದು," ಎಂದಿದ್ದ ಗ್ಯಾಲರಿಯ ಒಡತಿ ಇಂದು ಮಧ್ಯಾಹ್ನವೇ ಬರುವವಳಿದ್ದಳು.

ಮನೆಯಲ್ಲಿ ಅನುಮಾನಕ್ಕೆ ಸಿಕ್ಕವರು ಒಬ್ಬರೇ: ಗಡಿಯಾರ ರಿಪೇರಿ ಬಿಟ್ಟ ಮೇಲೆ ಸೊಸೆಯ ಚಿತ್ರಗಳ ರಿಪೇರಿಗೆ ಸದಾ ಸಿದ್ಧರಾಗಿದ್ದ ಮಾವ.

"ನಿಜ ಹೇಳಿ ಮಾವ, ಇದು ನಿಮ್ಮ ಕೈಚಳಕ ತಾನೇ?"

ಮಾವ ಭೂತಗನ್ನಡಿ ಹಿಡಿದು ಬಾಗಿದರು. "ಅಲ್ಲಮ್ಮ. ನಾನಾಗಿದ್ರೆ ನೆಟ್ಟಗೆ ಎಳೀತಿದ್ದೆ." ಮತ್ತೆ ಇಣುಕಿದರು. "ಕಳ್ಳ ಹಸಿದಿದ್ದ ಅನ್ನು. ನಿನ್ನ ಬೆಟ್ಟದ ಬುಡಾನೇ ತಿಂದಿದಾನೆ."

ಹೌದು, ತೊಗಟೆಯ ಅಂಚು ಮೇಲೆದ್ದಿತ್ತು. ಅಂಗಡಿಯ ಅಂಟು ಹೊಳೆಯುತ್ತದೆಂದು ಅವಳು ಮೈದಾ ಕಾಯಿಸಿ ತಾನೇ ಅಂಟು ಮಾಡಿಕೊಳ್ಳುತ್ತಿದ್ದಳು. ಅದನ್ನು ಯಾರೋ ಸವಿದಿದ್ದರು. ಇಲಿಯೇ? ಇಲಿಗೆ ಇಷ್ಟು ನಯವಾದ ಗೆರೆ ಎಲ್ಲಿಯದು? ಅವಳು ಗೆರೆಯ ಬೆನ್ನು ಹತ್ತಿದಳು. ಅದು ಚೌಕಟ್ಟು ದಾಟಿ, ಮೇಜಿನ ಕಾಲಿಳಿದು, ಒದ್ದೆ ಕುಂಚಗಳ ಡಬ್ಬದ ಹಿಂದೆ ಮರೆಯಾಗಿತ್ತು. ಮೆಲ್ಲಗೆ ಡಬ್ಬ ಸರಿಸಿದಳು.

ತೊಗಟೆಯ ಜೊತೆಗೇ ತೋಟದಿಂದ ಬಂದಿದ್ದ ಬಸವನಹುಳುವೊಂದು ಹೊಟ್ಟೆ ತುಂಬಿ ಚಿಪ್ಪಿನೊಳಗೆ ಮಲಗಿತ್ತು.

"ಕರೀದೆ ಬಂದ ನೆಂಟ," ಎಂದರು ಮಾವ. "ಗೆರೆ ಒರೆಸಿಬಿಡ್ತೀಯಾ?"

ಒದ್ದೆ ಬಟ್ಟೆ ಆಗಲೇ ಅವಳ ಕೈಗೆ ಬಂದಿತ್ತು. ಅಷ್ಟರಲ್ಲಿ ಕಿಟಕಿಯ ಬಿಸಿಲು ಓರೆಯಾಗಿ ಬಿತ್ತು. ಗೆರೆ ಮಿನುಗಿತು, ಹರಿಯಿತು. ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಬೆಟ್ಟದ ಬುಡಕ್ಕಷ್ಟೇ ಹೊಸ ಅಂಟು ಹಚ್ಚಿದಳು. ನೆಂಟನನ್ನು ಅಂಗಳದ ಹೂಕುಂಡಕ್ಕೆ ಬಿಟ್ಟುಬಂದಳು.

ಮಧ್ಯಾಹ್ನ ಒಡತಿ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. "ಈ ನದಿಗೆ ಏನು ಬಳಸಿದ್ರಿ?"

ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಆದರೂ ಚಿತ್ರಗಾರ್ತಿ ಹೂಕುಂಡ ತೋರಿಸಿದಳು. "ಅದು ನನ್ನ ಕೈಯದಲ್ಲ. ಎಳೆದವರು ಅಲ್ಲಿದಾರೆ."

ಒಡತಿ ಅಂಗಳಕ್ಕಿಳಿದು ಕುಂಡದತ್ತ ಬಾಗಿ ನೋಡಿ, ಹೊಟ್ಟೆ ಹಿಡಿದು ನಕ್ಕಳು. "ಅಳಿಸದೇ ಬಿಟ್ಟದ್ದು ನಿಮ್ಮ ಕೈ ತಾನೇ? ಗೋಡೆ ನಿಮ್ಮದು. ಎದುರು ಗೋಡೆಗೂ ಇಂಥದ್ದೇ ಒಂದು ಸಿಗುತ್ತಾ?"

"ಸಿಗುತ್ತೆ," ಎಂದರು ಮಾವ ಗಂಭೀರವಾಗಿ. "ಅವಸರ ಮಾತ್ರ ಮಾಡ್ಬೇಡಿ. ಅವರು ಸ್ವಲ್ಪ ನಿಧಾನಸ್ಥರು."