ಎಂಟು ದೇಶಗಳಲ್ಲಿ ಎರಡನೆಯದು

ನಮ್ಮ ವಾರ್ಡಿನಲ್ಲಿ ಮೂವತ್ತೊಂದು ಹಾಸಿಗೆ, ಹಗಲಿಗೆ ಇಬ್ಬರೇ ನರ್ಸುಗಳು. ಮೈ ಒರೆಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲ ರೋಗಿಯ ಮನೆಯವರ ಕೆಲಸ. ಯಾರೂ ಹಾಗೆಂದು ಬರೆದಿಟ್ಟಿಲ್ಲ. ಬೆಳಗ್ಗೆ ಬೋಗುಣಿ, ಟವೆಲು, ಮೊಸರಿನ ಡಬ್ಬಿ ಹಿಡಿದು ಬಂದುಬಿಡುತ್ತಾರೆ.

ಗೆಂಚೊಗೆ ಮಾತ್ರ ಯಾರೂ ಇರಲಿಲ್ಲ. ರೈಲ್ವೆಯಲ್ಲಿದ್ದವನು, ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಎರಡು ಗಂಟೆಗೊಮ್ಮೆ ಹೊರಳಿಸಬೇಕಾದವನನ್ನು ನಾನು ದಿನಕ್ಕೊಮ್ಮೆ ಹೊರಳಿಸಿದರೆ ಹೆಚ್ಚು. ಬೆನ್ನಿನ ಬುಡದಲ್ಲಿ ಚರ್ಮ ಕೆಂಪಾಗಿತ್ತು, ಒತ್ತಿದರೂ ಬಿಳುಪಾಗುತ್ತಿರಲಿಲ್ಲ; ಹಾಸಿಗೆ ಹುಣ್ಣಿನ ಮೊದಲ ಗುರುತು ಅದು. ಮೂರನೆಯ ನರ್ಸ್ ಬಂದರೆ ಆ ಬೆನ್ನು ಉಳಿಯುತ್ತಿತ್ತು.

ಆಗಲೇ ಸಮೀಕ್ಷೆಯ ಸುದ್ದಿ ಬಂತು. ಎಂಟು ದೇಶಗಳ ಆಸ್ಪತ್ರೆಗಳಿಗೆ ಒಂದೇ ಪ್ರಶ್ನೆಪಟ್ಟಿ: ನಿನ್ನೆ ಮೈ ಒರೆಸಿದರೇ, ಉಣಿಸಿದರೇ, ಹೊರಳಿಸಿದರೇ?

"ಅಂಕ ಕಮ್ಮಿ ಬಂದ್ರೆ ಸರ್ಕಾರ ಹುದ್ದೆ ಕೊಡ್ಲೇಬೇಕು, ರುಮ್ಯಾನಾ. ಇದ್ದದ್ದು ಇದ್ದಂಗೇ ಹೇಳು" ಎಂದರು ದೊಡ್ಡ ಡಾಕ್ಟರು. ಅದನ್ನೇ ನಾನು ಗೆಂಚೊಗೂ ಹೇಳಿದೆ. ಅವನು ತಲೆಯಾಡಿಸಿದ.

ರಾಜಧಾನಿ ಸೋಫಿಯಾದಿಂದ ದೆಸಿಸ್ಲಾವಾ ಎಂಬ ಹುಡುಗಿ ಪ್ರಶ್ನೆ ಕೇಳಲು ಬರುವಷ್ಟರಲ್ಲಿ ವಾರ್ಡೆಲ್ಲ ಸಾಬೂನಿನ ವಾಸನೆ. "ನಮ್ ಸಿಸ್ಟರ್‌ಗಳ ಮರ್ಯಾದೆ ಪ್ರಶ್ನೆ ಕಣ್ರೋ" ಎಂದು ಪೆಂಕಾ ಅಜ್ಜಿ ನಸುಕಿನಲ್ಲೇ ಎಲ್ಲ ಮನೆಯವರನ್ನೂ ಎಬ್ಬಿಸಿ ಕರೆತಂದಿದ್ದಳು. ತನ್ನ ಗಂಡ ಇಲ್ಚೊನ ಜೊತೆಗೆ ಪಕ್ಕದ ಗೆಂಚೊನನ್ನೂ ತೊಳೆದು, ಗಡ್ಡ ಹೆರೆದಿದ್ದಳು.

"ಯಜಮಾನ್ರನ್ನ ನಿನ್ನೆ ಹೊರಳಿಸಿದ್ರಾ, ಅಜ್ಜಿ?" ಎಂದು ದೆಸಿಸ್ಲಾವಾ ಕೇಳಿದಳು.

"ಹೊರಳಿಸ್ದೆ ಬಿಡ್ತಾರಾ? ದೋಸೆ ಮಗುಚಿದಂಗೆ!"

"ಯಾರು?"

"ಇನ್ಯಾರಮ್ಮ, ಸಿಸ್ಟರು! ಈ ವಯಸ್ಸಲ್ಲಿ ನಾನೇನು ಗಂಡನ ಜೊತೆ ಕುಸ್ತಿ ಆಡೋಕ್ ಬರ್ತೀನಾ?"

ವಾರ್ಡು ನಕ್ಕಿತು. ಅಜ್ಜಿಯ ತೋಳು ಮೊಣಕೈವರೆಗೂ ಒದ್ದೆಯಾಗಿತ್ತು.

ಹುಡುಗಿ ಗೆಂಚೊನ ಬಳಿ ಕೂತಳು. ಪ್ರಶ್ನೆಪಟ್ಟಿಯಲ್ಲಿ ಒಡೆದ ಹುಣ್ಣಿಗಷ್ಟೇ ಜಾಗವಿತ್ತು, ಅವನದಿನ್ನೂ ಒಡೆದಿರಲಿಲ್ಲ. ಅವನು ನನ್ನ ಮುಖ ನೋಡಿದ.

"ಹೊರಳಿಸ್ತಾರೆ," ಎಂದ, ಬಾಯಿಯ ಒಂದೇ ಬದಿಯಿಂದ. "ಸ್ವಂತ ಮಗಳಂಗೆ."

ಹೋಗುವಾಗ ಹುಡುಗಿ ನನ್ನನ್ನೂ ಕೇಳಿದಳು: "ನೀವೇನಾದ್ರೂ ಸೇರಿಸ್ಬೇಕಾ, ಸಿಸ್ಟರ್?"

ಪೆನ್ನು ಕಾಗದದ ಮೇಲೆಯೇ ಇತ್ತು. ಬಾಯಿ ತೆರೆದರೆ ಅಜ್ಜಿ ಸುಳ್ಳುಗಾರ್ತಿಯಾಗುತ್ತಿದ್ದಳು, ಗೆಂಚೊ ಕೂಡ. ಆದರೆ ಅದೊಂದೇ ಅಲ್ಲ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯಾದರೂ, ಯಾವುದೋ ಒಂದು ಕಾಗದದ ಮೇಲಾದರೂ, ನಾನು ಒಳ್ಳೆಯ ನರ್ಸ್ ಆಗಿರಬೇಕೆನಿಸಿತು. "ಏನಿಲ್ಲ" ಎಂದೆ. ಅವಳು ಪೆನ್ನು ಮುಚ್ಚಿದಳು.

ಏಳು ವಾರದ ಮೇಲೆ ಸರ್ಕಾರದಿಂದ ಉತ್ತರ ಬಂತು. ಎಂಟು ದೇಶಗಳ ಆಸ್ಪತ್ರೆಗಳಲ್ಲಿ ನಮ್ಮದು ಎರಡನೆಯದು. "ಸಿಬ್ಬಂದಿ ಸಾಕಷ್ಟಿದೆಯಂತೆ" ಎಂದಷ್ಟೇ ಹೇಳಿ ಡಾಕ್ಟರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಅಷ್ಟರಲ್ಲಿ ಪೆಂಕಾ ಅಜ್ಜಿ ಗಂಡನನ್ನು ಮನೆಗೆ ಕರೆದೊಯ್ದಿದ್ದಳು. ಗೆಂಚೊನ ಬೆನ್ನು ಒಡೆದಿತ್ತು. ಹುಣ್ಣಿನೊಳಗೆ ನನ್ನ ಎರಡು ಬೆರಳು ಹೋಗುತ್ತಿದ್ದವು.

ಗಾಯ ತೊಳೆಯುವಾಗ ಅವನು ಕೇಳಿದ: "ಹೊಸ ಸಿಸ್ಟರು?"

"ಬರಲ್ಲ."

"ನಾನು ಹಂಗೆ ಹೇಳ್ಬಾರ್ದಿತ್ತೇನೋ."

ನಾನು ಹತ್ತಿ ಬದಲಿಸಿದೆ. ಅವನನ್ನು ಕಿಟಕಿಯ ಕಡೆಗೆ ಹೊರಳಿಸಿ, ಬೆನ್ನಿಗೆ ದಿಂಬು ಒತ್ತಿ ಇಟ್ಟೆ. ಹನ್ನೆರಡನೇ ಹಾಸಿಗೆಯಿಂದ ಯಾರೋ ಕೂಗುತ್ತಿದ್ದರು. ಇನ್ನು ಅವನನ್ನು ಹೊರಳಿಸಲು ಆಗುವುದು ನಾಳೆ ಬೆಳಗ್ಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು.