ಕಾಸಿ ಆರಿಸಿದ ನೀರು

ಹೊಸ ಹಲ್ಲಿನ ಸೆಟ್ ಬಂದ ಮೇಲೆ ನನ್ನಜ್ಜಿ ಆಯಿಯ ತ್ಯಾಗಗಳು ಹೆಚ್ಚಾದವು. ಮೊದಲು ಶೇಂಗಾ ಬಿಟ್ಟಳು. ಆಮೇಲೆ ಹೆಸರುಕಾಳು. ಆಮೇಲೆ ಭಕ್ಕರಿ, ಜೋಳದ ರೊಟ್ಟಿ. ನಮ್ಮ ಜೈನರಲ್ಲಿ ಜೀವ ಇರುವತನಕ ಎಂದು ತ್ಯಾಗ ಮಾಡಿದ್ದನ್ನು ಮತ್ತೆ ಮುಟ್ಟುವಂತಿಲ್ಲ. ಯಾಕೆ ಬಿಟ್ಟಿರೆಂದು ಕೇಳುವ ರೂಢಿಯೂ ಇಲ್ಲ. ಕೈ ಮುಗಿಯುತ್ತೇವೆ, ಅಷ್ಟೇ.

ಪಕ್ಕದ ಮನೆಯ ಮಂಗಲಕಾಕು ಕೈ ಮುಗಿದೇ ಹೇಳಿದಳು, "ಪುಣ್ಯವಂತಿ ಅದೀರಿ ಆಯಿ. ನನಗ ಒಂದ ಉಳ್ಳಾಗಡ್ಡಿ ಬಿಡಾಕ ಆಗವಲ್ದು."

"ಮದಲ ಚಾಡಿ ಹೇಳೂದ ಬಿಡು. ಉಳ್ಳಾಗಡ್ಡಿ ಆಮ್ಯಾಲ," ಎಂದಳು ಆಯಿ.

ಎಲ್ಲರೂ ನಕ್ಕರು. ಆಯಿ ಮಾತ್ರ ತುಟಿ ಬಿಗಿಹಿಡಿದು ನಕ್ಕಳು.

ಮರಾಠಿ ಸೀಮೆಯ ಕಬನೂರಿನ ನಮ್ಮ ಮನೆಯ ಹಿಂದೆಯೇ ಅಪ್ಪನ ಮಗ್ಗಗಳು ಬಡಿಯುತ್ತವೆ. ಅಡುಗೆಮನೆಯಲ್ಲಿ ಯಾರ ಮಾತೂ ಸರಿಯಾಗಿ ಕೇಳುವುದಿಲ್ಲ. ಹೆಚ್ಚು ಮಾತಾಡಲು ಬಾರದ ನನಗೆ ಅದೇ ಅನುಕೂಲ; ನೋಡುತ್ತ ಕೂರುತ್ತೇನೆ. ಆಯಿಯ ಊಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಅವತ್ತು ಅವಳು ಅನ್ನದ ತುತ್ತನ್ನು ಒಂದೇ ದವಡೆಗೆ ಸರಿಸಿ, ಕಣ್ಣು ಮುಚ್ಚಿ ನುಂಗಿದಳು. ಉಳಿದದ್ದು ತಾಟಿನಲ್ಲಿದ್ದಂತೆಯೇ ಹೊರಗೆ ಬೆಳಕು ಹೋಯಿತು. ಕೈ ತೊಳೆಯುವಾಗ ಬಳೆಗಳು ಮೊಣಕೈವರೆಗೆ ಜಾರಿದವು.

"ನಾಳೆ ಏನ ಬಿಡ್ತಿ ಆಯಿ?" ಎಂದೆ.

"ಅನ್ನ. ಹಲ್ಲ ಹೋಗ್ಯಾವ, ತಿನ್ನೂ ಆಸೀನೂ ಹೋಗಬೇಕ ರುಪಾ. ಇನ್ನ ಎಲ್ಲಾ ಬಿಡೂದ ಒಂದ ಉಳದೈತಿ."

ಎಲ್ಲಾ ಬಿಡುವುದೆಂದರೆ ಅನ್ನ ನೀರು ಬಿಟ್ಟು ಸಾವಿಗೆ ಕಾಯುವ ವ್ರತ. ಆಯಿಯ ಅತ್ತೆ ಹಾಗೆಯೇ ಹೋದವರು. ಆದರೆ ಅವರಿಗೆ ಹಸಿವಿರಲಿಲ್ಲವಂತೆ. ಆಯಿಗೆ ಹಸಿವಿತ್ತು, ಅವಳು ತಾಟು ನೋಡುವುದನ್ನು ನಾನು ನೋಡಿದ್ದೆ.

"ಡಾಕ್ಟರ ಕಡೆ ಹೋಗಿ ಬರೂಣು. ಅನ್ನದ ತ್ಯಾಗ ಆಮ್ಯಾಲ ತಗೊ," ಎಂದೆ. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ ಹೇಳಿದೆ.

ಮರುದಿನ ರಿಕ್ಷಾದಲ್ಲಿ ಇಚಲಕರಂಜಿಗೆ ಹೋದೆವು. ಸೆಟ್ ಮಾಡಿಕೊಟ್ಟಿದ್ದ ವೃಷಾಲಿ ಡಾಕ್ಟರು ಆಯಿಯ ಬಾಯಿ ತೆರೆಸಿ ನೋಡಿದರು. ಒಸಡಿನ ತುಂಬ ಹುಣ್ಣು.

"ರಾತ್ರಿ ಕವಳೀ ಪಾಣ್ಯಾತ ಠೇವತಾ ನಾ, ಆಜೀ?" ಹಲ್ಲಿನ ಸೆಟ್ಟನ್ನು ರಾತ್ರಿ ನೀರಲ್ಲಿಡುತ್ತೀರಲ್ಲವೇ ಎಂದು ಕೇಳಿದರು.

ಆಯಿ ನನ್ನ ಕೈ ಹಿಡಿದಳು. ಅವಳು ಅದನ್ನು ಒಣ ಮಡಿಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು.

"ರಾತ್ರಿಯೆಲ್ಲಾ ನಿಂತ ನೀರಾಗ ಜೀವ ಹುಟ್ತಾವ," ಎಂದಳು ನನಗಷ್ಟೇ ಕೇಳುವಂತೆ. "ಮುಂಜಾನೆ ಅದನ್ನ ಬಾಯಾಗ ಹ್ಯಾಂಗ ಇಟ್ಕೊಳ್ಳಿ?"

ಒಣಗಿ ಒಣಗಿ ಸೆಟ್ ಬಾಗಿತ್ತು. ಸರಿಮಾಡಿಕೊಡುತ್ತೇನೆ, ಆದರೆ ನೀರಲ್ಲಿಡದಿದ್ದರೆ ಮತ್ತೆ ಇದೇ ಗತಿ ಎಂದರು ಡಾಕ್ಟರು. ನಮ್ಮ ಮುನಿಗಳು ಕುಡಿಯುವುದು ಕಾಸಿದ ನೀರನ್ನೇ. ಅದರಲ್ಲಿ ಒಂದು ಹಗಲು ಒಂದು ರಾತ್ರಿ ಜೀವ ಹುಟ್ಟುವುದಿಲ್ಲವೆಂದು ನಂಬಿಕೆ. ಕಾಸಿದ್ದಾದರೆ ಆಗುತ್ತದೆಯೇ ಎಂದು ಹರಕು ಮರಾಠಿಯಲ್ಲಿ ಕೇಳಿದೆ.

ಆಗುತ್ತದೆ, ಪೂರ್ತಿ ಆರಿಸಿ ಹಾಕಿ, ಬಿಸಿ ತಾಗಿದರೂ ಬಾಗುತ್ತದೆ ಎಂದರು.

ಆಯಿ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದಳು.

ಹುಣ್ಣು ಮಾಯ್ದು, ಸರಿಯಾದ ಸೆಟ್ ಬಂದ ಸಂಜೆ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಆಯಿ ತಾಟಿನ ಅನ್ನವನ್ನೆಲ್ಲ ಎರಡೂ ದವಡೆಗಳಲ್ಲಿ ಅಗಿದು ಮುಗಿಸಿದಳು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಪಕ್ಕದಲ್ಲಿ ನಾನು ಒಣಗಿ ಗರಿಗರಿಯಾದ ಕಟಕ ಭಕ್ಕರಿಯನ್ನು ಸದ್ದಾಗದಂತೆ ಮುರಿದು, ಬಾಯಲ್ಲೇ ನೆನೆಸಿಕೊಳ್ಳುತ್ತ ಕುಳಿತಿದ್ದೆ.

ಈಗ ಅವಳಿಗೂ ಭಕ್ಕರಿ ಅಗಿಯಲು ಬರುತ್ತಿತ್ತು. ಆದರೆ ಬಿಟ್ಟದ್ದು ಬಿಟ್ಟಂತೆ.

ಆಯಿ ಸೆಟ್ ತೆಗೆದು ಬಟ್ಟಲಿಗೆ ಹಾಕುವ ಮುಂಚೆ ಕಾಸಿದ ನೀರಿಗೆ ಬೆರಳದ್ದಿ ನೋಡಿದಳು. ಆರಿತ್ತು.

"ಕಳ್ಳರಗತೆ ಯಾಕ ತಿಂತಿ?" ಎಂದಳು ಬೊಚ್ಚುಬಾಯಲ್ಲಿ. "ಸಪ್ಪಳಾ ಮಾಡಿ ತಿನ್ನು. ಕೇಳ್ತೇನಿ."